ಮಕ್ಕಳ ಗುರು ಪಂಜೆ ಮಂಗೇಶರಾಯರು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳ ಕನ್ನಡ ಶಾಲೆಗಳಲ್ಲಿ ಓದಿದವರೊಳಗೆ ನಾಗರ ಹಾವಿನ ಹಾಡನ್ನು ಕೇಳದವರು ವಿರಳ. ಆದರೆ ಅದನ್ನು ಕಟ್ಟಿದ ಮಹನೀಯರ ಜೀವಿತವನ್ನು ಬಲ್ಲವರು ಅಷ್ಟು ಮಂದಿ ಇರಲಾರರು. ಆಟವು ಪಾಠಕ್ಕೆ ಅಡ್ಡಿಯೆಂದು ಬಗೆಯುವ ತಂದೆತಾಯಿಗಳೂ ಉಪಾಧ್ಯಾಯರೂ ನಮ್ಮಲ್ಲಿ ಇನ್ನೂ ಇರುವುದರಿಂದ, ಆ ಜೀವಿತವನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಪಂಜೆ ಮಂಗೇಶರಾಯರು 1874ನೆಯ ಇಸವಿಯ ಫೆಬ್ರವರಿ 22ರಂದು ದಕ್ಷಿಣ ಕನ್ನಡದ ಬಂಟವಾಳದಲ್ಲಿ ಜನಿಸಿದರು. ಬಡತನದಲ್ಲಿ ಬೆಳೆದು, ಪ್ರಯಾಸದಿಂದ ವ್ಯಾಸಂಗವನ್ನು ಮುಂದುವರಿಸಿ, ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಅನಂತರ ಶಾಲಾ ಇನ್‌ಸ್ಪೆಕ್ಟರರಾಗಿಯೂ, ಮಡಿಕೇರಿಯ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾಗಿಯೂ ಸೇವೆ ಸಲ್ಲಿಸಿದರು.

ಅವರು ಬಾಲ್ಯವನ್ನು ಕಳೆದ ಕಾಲದಲ್ಲಿ ಮದರಾಸು ಪ್ರಾಂತದ ಶಾಲೆಗಳಿಗೆ ಪರೀಕ್ಷೆಯ ಫಲವನ್ನು ನೋಡಿ ಸರಕಾರದ ಧನಸಹಾಯ ದೊರೆಯುವ ಪದ್ಧತಿಯಿತ್ತು. ಹುಡುಗನು ತಪ್ಪಿದರೆ ಶಾಲೆಗೆ ನಷ್ಟ. ಆದುದರಿಂದ ಬಾಯಿಪಾಠವೂ ಬೆತ್ತವೂ ವಿದ್ಯೆಯ ಕಂಬಗಳಾದವು. ಇನ್‌ಸ್ಪೆಕ್ಟರರ ಸವಾರಿಯು ಭಯದ ಹೆಸರಾಯಿತು. ಅದೇ ಹುದ್ದೆಯಲ್ಲಿ ಕುಳಿತ ರಾಯರಾದರೋ ಮಕ್ಕಳಿಗಾಗಿ ಹಾಡನ್ನೂ ಕಥೆಯನ್ನೂ ಬರೆದರು. ಪಾಂಡಿತ್ಯದ ಬಿರುದನ್ನು ಬಯಸದೆ, ಕವಿಶಿಷ್ಯನೆಂಬ ಹೆಸರಿನಿಂದ ತೃಪ್ತರಾದರು.

ಆ ಹಾಡುಗಳು ಬರಿಯ ವಿನೋದವೆಂದು ತಿಳಿಯಬಾರದು. ನಾಗರ ಹಾವಿನ ಹಾಡಿನಲ್ಲಿ ಮಗುವು ಹಾವನ್ನು ಕರೆದು, ಕೈಮುಗಿದು, ಹಾಲನ್ನು ಕೊಡಲು ಮುಂದಾಗುತ್ತದೆ. ಒಂದು ಮಗು ಅಂಗೈಯನ್ನು ಹೆಡೆಯಾಗಿ ಎತ್ತಿದರೆ ಇನ್ನೊಂದು ಕರೆಯಬಹುದು, ಪಾಠವೇ ನಾಟಕವಾಗುತ್ತದೆ. ತೆಂಕಣ ಗಾಳಿಯಾಟವೆಂಬ ಪದ್ಯದಲ್ಲಿ ಗಾಳಿಯ ಮೊರೆತಕ್ಕೆ ಮಹಾಪ್ರಾಣಾಕ್ಷರಗಳೇ ಬೇಕಾಗುವುವು. ಹಳ್ಳಿಯ ಮನೆಮಾತಿನಲ್ಲಿ ಈ ಅಕ್ಷರಗಳು ಅಪರೂಪ. ಬೆತ್ತಕ್ಕೆ ಹೆದರಿ ಭಕಾರವನ್ನು ಉಚ್ಚರಿಸಲಾರದ ಜಗಳೂರಿನ ಹುಡುಗನು ತಾನೇ ಗಾಳಿಯಾಗಿ ಭೋರ್ಗರೆದಾಗ ಅದನ್ನು ಅರಿಯದೆಯೇ ಕಲಿಯುವನು.

1921ರಲ್ಲಿ ರಾಯರು ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿ, ಮಕ್ಕಳ ಪುಸ್ತಕಗಳಿಗೆ ಮಾರ್ಗ ಮಾಡಿದರು. ಕೊಡಗಿಗೆ ಹುತ್ತರಿಯ ಹಾಡನ್ನು ಕೊಟ್ಟರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಸಂದಿತು. 1937ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ನಿಧನರಾದರು.

ಆಗ ಕನ್ನಡನಾಡು ಹರಿದು ಹಂಚಿಹೋಗಿತ್ತು. ರಾಯರ ಮಂಗಳೂರು ಮದರಾಸಿಗೆ, ರಾಯಚೂರು ನಿಜಾಮರಿಗೆ, ನಮ್ಮ ಚನ್ನಗಿರಿ, ಹೊನ್ನಾಳಿ, ಜಗಳೂರುಗಳು ಮೈಸೂರಿಗೆ ಸೇರಿದ್ದವು. 1956ರಲ್ಲಿ ನಾಡು ಒಂದಾಗುವುದಕ್ಕೆ ಮೊದಲೇ ಮಕ್ಕಳ ಹಾಡು ಗಡಿಗಳನ್ನು ದಾಟಿತ್ತು.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯು 2009ರ ಸುಮಾರಿಗೆ ರಾಜ್ಯದ ಸರಕಾರಿ ಶಾಲೆಗಳ ಕಿರಿಯ ತರಗತಿಗಳಿಗೆ ಹರಡಿತು. ಆಟ, ಹಾಡು, ಚಿತ್ರಗಳಿಂದ ಕಲಿಸುವ ಈ ಪದ್ಧತಿಯನ್ನು ಕಂಡಾಗ ರಾಯರ ನೆನಪಾಗದಿರದು. ಆದರೆ ಪದ್ಧತಿಯು ಕಾಗದದ ಮೇಲಿದ್ದ ಮಾತ್ರಕ್ಕೆ ಫಲವಿಲ್ಲ. ಪರೀಕ್ಷೆ ಸಮೀಪಿಸಿತೆಂದು ಆಟದ ಅವಧಿಯನ್ನು ಕಿತ್ತು ಲೆಕ್ಕಕ್ಕೆ ಕೊಡುವ ಶಾಲೆಯು ಮಗುವಿನಿಂದ ಕಸಿಯುವುದು ಅರ್ಧ ತಾಸಿನ ವಿನೋದವನ್ನಲ್ಲ, ಕಲಿಯುವ ಇಚ್ಛೆಯನ್ನೇ ಎಂಬುದನ್ನು ನಮ್ಮ ಉಪಾಧ್ಯಾಯ ಬಂಧುಗಳೂ ಪೋಷಕರೂ ಮನಗಾಣಬೇಕು. ರಾಯರ ಋಣವನ್ನು ತೀರಿಸಲು ಪ್ರತಿಮೆ ಬೇಡ. ಆ ಅರ್ಧ ತಾಸನ್ನು ಮಕ್ಕಳಿಗೆ ಉಳಿಸಿಕೊಟ್ಟರೆ ಸಾಕು.