ಹುಳದ ಹೆಸರು ಹುಡುಕಿದ ಕೋಲ್ಮನ್

ಪ್ರತಿ ಸೆಪ್ಟೆಂಬರ್ 15ಕ್ಕೆ ನಾವು ವಿಶ್ವೇಶ್ವರಯ್ಯನವರ ಫೋಟೋಕ್ಕೆ ಹಾರ ಹಾಕ್ತೀವಿ, ಒಂದೆರಡು ಭಾಷಣ ಕೇಳ್ತೀವಿ, ಆಮೇಲೆ ಸೀದಾ ಕ್ಯಾಂಟೀನಿಗೆ. ತಪ್ಪೇನಿಲ್ಲ ಬಿಡಿ. ಆದರೆ ಅವರು ದಿವಾನರಾಗಿದ್ದ 1912ರಿಂದ 1918ರ ನಡುವೆ ಅದೇ ಮೈಸೂರು ಸರ್ಕಾರದಲ್ಲಿ ಇನ್ನೊಬ್ಬ ಅಧಿಕಾರಿ ಇದ್ದರು. ಅಣೆಕಟ್ಟು ಕಟ್ಟಲಿಲ್ಲ, ಸೇತುವೆ ಕಟ್ಟಲಿಲ್ಲ. ಭೂತಗನ್ನಡಿ ಹಿಡಿದು ಮಿಡತೆ ನೋಡಿದರು, ಅಡಿಕೆ ಗೊನೆ ನೋಡಿದರು. ಹೆಸರು ಲೆಸ್ಲಿ ಚಾರ್ಲ್ಸ್ ಕೋಲ್ಮನ್. ಮೈಸೂರು ರಾಜ್ಯದ ಮೊದಲ ಕೃಷಿ ನಿರ್ದೇಶಕ.

ಕಲಘಟಗಿ ಕಡೆಯವರಾದ ನಮಗೆ ಅವರ ಮೇಲೆ ಯಾಕೆ ಆಸಕ್ತಿ ಅಂದ್ರೆ, ಅವರು ಬೆನ್ನತ್ತಿದ ಮೂರು ದೊಡ್ಡ ಸಮಸ್ಯೆಗಳು ನಮ್ಮೂರಿನ ಸುತ್ತಮುತ್ತಲ ಬೆಳೆಗಳದ್ದೇ. ಹುಬ್ಬಳ್ಳಿಯಿಂದ ಬಸ್ ಹತ್ತಿ ಕಲಘಟಗಿ ದಾಟಿ ಯಲ್ಲಾಪುರಕ್ಕೆ ಹೋಗಿ ನೋಡ್ರಿ. ಹಿಂದೆ ಬಿಟ್ಟ ಬಯಲಿನಲ್ಲಿ ಜೋಳ, ನಡುವೆ ನಮ್ಮ ಅರೆಮಲೆನಾಡಿನ ಭತ್ತ, ಮುಂದೆ ಅಡಿಕೆ ತೋಟ. ಆಗ ಧಾರವಾಡ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು, ಕೋಲ್ಮನ್ ಮೈಸೂರು ಸಂಸ್ಥಾನದ ನೌಕರ. ನಮ್ಮ ಹೊಲ ಅವರ ಸರಹದ್ದಿನೊಳಗೆ ಬರುತ್ತಿರಲಿಲ್ಲ. ಹುಳಕ್ಕೆ ಸರಹದ್ದು ಯಾರು ಹೇಳಬೇಕು?

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೊದಲ್ಲಿ. ಟೊರೊಂಟೊದಲ್ಲಿ ಓದಿ, ಜರ್ಮನಿಯ ಗಟಿಂಗೆನ್‌ನಲ್ಲಿ ಡಾಕ್ಟರೇಟ್ ಮಾಡಿದರು. ಅಲ್ಲಿನ ವಿಷಯ ಮಣ್ಣಿನಲ್ಲಿ ನೈಟ್ರೇಟ್ ತಯಾರಿಸುವ ಬ್ಯಾಕ್ಟೀರಿಯಾ. 1908ರಲ್ಲಿ, ಮೂವತ್ತರ ಪ್ರಾಯದಲ್ಲಿ, ಬೆಂಗಳೂರಿಗೆ ಬಂದರು. ಶಿಲೀಂಧ್ರ ತಜ್ಞ, ಕೀಟ ತಜ್ಞ ಎರಡೂ ಅವರೇ. ಈಗಿನ ಭಾಷೆಯಲ್ಲಿ ಹೇಳೋದಾದ್ರೆ ಎರಡು ಡಿಪಾರ್ಟ್‌ಮೆಂಟಿಗೆ ಒಬ್ಬನೇ ಲೆಕ್ಚರರ್.

ಮೊದಲು ಎದುರಾದದ್ದು ಅಡಿಕೆಯ ಕೊಳೆರೋಗ. ಮಳೆಗಾಲದಲ್ಲಿ ಎಳೆ ಅಡಿಕೆ ಕೊಳೆತು ಉದುರುತ್ತಿತ್ತು. ಗೊನೆ ನೆನೆಯದಿರಲಿ ಅಂತ ಮಲೆನಾಡಿನವರು ಅದಕ್ಕೆ ಕೊಟ್ಟೆ ಕಟ್ಟುತ್ತಿದ್ದರು. ಪ್ರತಿ ಮರ ಹತ್ತಬೇಕು, ಪ್ರತಿ ಗೊನೆಗೂ ಕಟ್ಟಬೇಕು. ಕೋಲ್ಮನ್ ಮೊದಲು ಮಾಡಿದ್ದು ರೋಗಾಣುವಿನ ಕುಲ ಯಾವುದು ಅಂತ ಪತ್ತೆ ಮಾಡುವ ಕೆಲಸ. 1910ರ ವರದಿಯಲ್ಲಿ ಅದನ್ನು ಫೈಟಾಫ್ತೊರಾ ಕುಲಕ್ಕೆ ಸೇರಿಸಿದರು. ಯುರೋಪಿನಲ್ಲಿ ಆಲೂಗಡ್ಡೆ ಹಾಳು ಮಾಡಿದ ರೋಗಾಣುವೂ ಅದೇ ಕುಲದ್ದು. ಕುಲ ತಿಳಿದರೆ ಮದ್ದಿನ ದಾರಿಯೂ ಕಂಡಂತೆ. ಮೈಲುತುತ್ತ ಮತ್ತು ಸುಣ್ಣ ಕಲಸಿದ ಬೋರ್ಡೊ ದ್ರಾವಣ ಆ ದಾಯಾದಿಯ ಮೇಲೆ ಆಗಲೇ ಕೆಲಸ ಮಾಡಿ ತೋರಿಸಿತ್ತು. ಅದನ್ನೇ ಅಡಿಕೆ ಗೊನೆಗೆ ಹೊಡೆಸಿದರು. ಇವತ್ತಿಗೂ ಯಲ್ಲಾಪುರ, ಶಿರಸಿ ಕಡೆ ಮಳೆ ಹಿಡಿಯೋ ಮುಂಚೆ ಹೊಡೆಯೋ ಮದ್ದು ಅದೇ.

ವರ್ಗೀಕರಣ ಅಂದ್ರೆ ಮ್ಯೂಸಿಯಮ್ಮಿನಲ್ಲಿ ಸತ್ತ ಹುಳಕ್ಕೆ ಚೀಟಿ ಅಂಟಿಸೋ ಕೆಲಸ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿರ್ತೀವಿ. ಕೊಳೆರೋಗದ ವಿಷಯದಲ್ಲಿ ಆ ಚೀಟಿಯೇ ಅರ್ಧ ಔಷಧ ಆಗಿತ್ತು.

ಇನ್ನು ಜೋಳದ ಮಿಡತೆ. ನಮ್ಮ ಕಡೆ ಮಿಡಿಚಿ ಅಂತೀವಿ. ಜೋಳದ ಹೊಲಕ್ಕೆ ಮುತ್ತಿ ಎಲೆ ಬೋಳಿಸುತ್ತಿದ್ದ ಈ ಹುಳಕ್ಕೆ ವಿಜ್ಞಾನದಲ್ಲಿ ಹೆಸರೇ ಇರಲಿಲ್ಲ. ಸ್ಪೇನಿನ ಮಿಡತೆ ತಜ್ಞ ಇಗ್ನಾಸಿಯೊ ಬೊಲಿವಾರ್ ಪರೀಕ್ಷಿಸಿ, ಇದು ಹೊಸ ಜಾತಿಯಷ್ಟೇ ಅಲ್ಲ, ಹೊಸ ಕುಲವೇ ಅಂದು 1910ರಲ್ಲಿ ಹೆಸರಿಟ್ಟರು: ಕೋಲ್ಮೇನಿಯಾ ಸ್ಫೆನಾರಿಯಾಯ್ಡಿಸ್. ಮೊದಲ ಪದ ಕೋಲ್ಮನ್ ಅವರದ್ದು. ಎರಡನೆಯದಕ್ಕೆ ಸ್ಫೆನೇರಿಯಮ್‌ನಂಥದ್ದು ಅಂತ ಅರ್ಥ. ಈ ಸ್ಫೆನೇರಿಯಮ್ ಮೆಕ್ಸಿಕೊದ ರೆಕ್ಕೆಯಿಲ್ಲದ ಮಿಡತೆ, ಅಲ್ಲಿನ ಜನ ಅದನ್ನು ಹುರಿದು ತಿಂತಾರೆ. (ನಮ್ಮ ಮೆಸ್ಸಿನವರು ಇದನ್ನು ಓದದಿರಲಿ.)

ಜೋಳದ ಮಿಡತೆಗೂ ರೆಕ್ಕೆ ಇಲ್ಲ. ಇದೇ ದೊಡ್ಡ ಸುಳಿವು. ಹಾರುವ ಮಿಡತೆ ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ಹಾರದ ಮಿಡತೆ ಹುಟ್ಟಿದ ಹೊಲದ ಆಸುಪಾಸಿನಲ್ಲೇ ನಡೆದಾಡಿಕೊಂಡು ಇರಬೇಕು. ಕೋಲ್ಮನ್ ಅದರ ವರ್ಷದ ಲೆಕ್ಕ ಇಟ್ಟರು. ಮಳೆಗಾಲ ಮುಗಿಯುವ ಹೊತ್ತಿಗೆ ಹೆಣ್ಣು ಮಣ್ಣೊಳಗೆ ಮೊಟ್ಟೆ ಇಡುತ್ತದೆ. ಚಳಿಗಾಲ, ಬೇಸಿಗೆ ಪೂರ್ತಿ ಮೊಟ್ಟೆ ಅಲ್ಲೇ. ಮುಂಗಾರು ಬಿದ್ದ ಮೇಲೆ ಮರಿಗಳು ಹೊರಗೆ ಬರುತ್ತವೆ. ವರ್ಷಕ್ಕೆ ಒಂದೇ ತಲೆಮಾರು. ಹಾಗಾದ್ರೆ ಹೊಡೆತ ಯಾವಾಗ ಕೊಡಬೇಕು? ಮೊಟ್ಟೆ ಮಣ್ಣಲ್ಲಿದ್ದಾಗ ನೇಗಿಲು, ಮರಿ ಚಿಕ್ಕದಿದ್ದಾಗ ಬಲೆಯ ಚೀಲ. ಸಾಲಿನುದ್ದಕ್ಕೂ ಚೀಲ ಬೀಸುತ್ತಾ ಹೋಗಿ ಮರಿಗಳನ್ನು ತುಂಬಿಕೊಳ್ಳುವುದು. ದುಬಾರಿ ಯಂತ್ರ ಬೇಡ, ವಿಷ ಬೇಡ. ಆದರೆ ಒಬ್ಬ ರೈತ ಮಾಡಿದರೆ ಸಾಲದು, ಅಕ್ಕಪಕ್ಕದ ಹೊಲದವರೂ ಕೂಡಬೇಕು. ಊರಲ್ಲಿ ಬೆಳೆದವರಿಗೆ ಗೊತ್ತು, ಬಲೆ ಹೊಲಿಸೋದು ಸುಲಭ, ಬದುವಿನ ಆಚೆಯವರನ್ನು ಒಪ್ಪಿಸೋದು ಕಷ್ಟ.

1911ರಲ್ಲಿ ಭತ್ತದ ಮಿಡತೆಯ ಬಗ್ಗೆಯೂ ವರದಿ ಬಂತು. ಇದು ಬೇರೆ ಕುಲದ್ದು, ಹೈರೊಗ್ಲಿಫಸ್. ಇದರ ಮೊಟ್ಟೆಯ ಗೊಂಚಲು ಗದ್ದೆಯ ಬದುವಿನ ಮಣ್ಣಿನಲ್ಲಿರುತ್ತದೆ. ಆದ್ದರಿಂದ ಕೊಯ್ಲಾದ ಮೇಲೆ ಬದು ಕೆತ್ತುವುದೇ ಇದರ ಉಪಾಯ. ಕೆತ್ತಿದಾಗ ಮೊಟ್ಟೆ ಬಿಸಿಲಿಗೆ, ಹಕ್ಕಿಗೆ ಸಿಗುತ್ತದೆ. ಕಲಘಟಗಿಯಲ್ಲಿ ಭತ್ತ ಬೆಳೆಯೋರ ಮಕ್ಕಳಿಗೆ ಬದು ಕೆತ್ತೋದು ಹೊಸದಲ್ಲ. ಅದಕ್ಕೂ ಮಿಡಿಚಿಗೂ ಇರುವ ಸಂಬಂಧ ಗೊತ್ತಿದ್ದವರು ಕೈ ಎತ್ತಿ ನೋಡೋಣ.

ಆ ವರದಿಯ ಮೇಲೆ ಎರಡು ಹೆಸರಿದೆ. ಎರಡನೆಯದು ಕೆ. ಕುಂಞಿ ಕಣ್ಣನ್. 1884ರಲ್ಲಿ ಕಣ್ಣೂರಿನಲ್ಲಿ ಹುಟ್ಟಿದ ಇವರು ಕೋಲ್ಮನ್ ಅವರ ಸಹಾಯಕರಾಗಿದ್ದವರು, ಮುಂದೆ ರಾಜ್ಯದ ಕೀಟತಜ್ಞರ ಹುದ್ದೆಗೇ ಬಂದರು. ಕೋಲ್ಮನ್ ಹೆಸರು ಹೇಳಿ ಇವರನ್ನು ಬಿಟ್ಟರೆ ಕಥೆ ಅರ್ಧ ಅಂತ ನಮ್ಮ ಅಭಿಪ್ರಾಯ. 1920ರ ದಶಕದ ಕೊನೆಗೆ ಇವರು ಕೈ ಹಾಕಿದ್ದು ಪಾಪಾಸುಕಳ್ಳಿಗೆ. ಹೊಲ, ಗೋಮಾಳ ಎಲ್ಲ ನುಂಗುತ್ತಿದ್ದ ಕಳ್ಳಿಯನ್ನು ಅದರ ರಸ ಹೀರುವ ಕೊಚಿನೀಲ್ ಹುಳದಿಂದಲೇ ಕೊಲ್ಲಿಸುವ ಯೋಜನೆ. ಇಲ್ಲೂ ಹೆಸರಿನದೇ ಆಟ. 1795ರಲ್ಲಿ ಇಂಗ್ಲಿಷರು ಬಣ್ಣ ತೆಗೆಯುವ ಅಸಲಿ ಕೊಚಿನೀಲ್ ಅಂದುಕೊಂಡು ಬ್ರೆಜಿಲ್‌ನಿಂದ ಭಾರತಕ್ಕೆ ತರಿಸಿದ್ದು ಅದರ ಇನ್ನೊಂದು ಜಾತಿಯನ್ನು. ಅದರಿಂದ ಒಳ್ಳೆ ಬಣ್ಣ ಸಿಗಲಿಲ್ಲ. ಒಂದು ಬಗೆಯ ಕಳ್ಳಿಯನ್ನು ತಿಂದು ಮುಗಿಸಿತು, ನಮ್ಮಲ್ಲಿ ಹಬ್ಬಿದ್ದ ಇನ್ನೊಂದು ಬಗೆಯನ್ನು ಮೂಸಿಯೂ ನೋಡಲಿಲ್ಲ. ಆ ಕಳ್ಳಿಗೆ ಬೇಕಾದ ಸರಿಯಾದ ಜಾತಿ ಸಿಂಹಳದಿಂದ ಬಂದದ್ದು 1926ರಲ್ಲಿ. ಅದು ಬಂದ ಮೇಲೆ ಕಳ್ಳಿ ನಿಂತಲ್ಲೇ ಕರಗಿತು. ಎರಡೂ ಹುಳ ನೋಡೋಕೆ ಒಂದೇ ಥರ, ಬಿಳಿ ಹತ್ತಿಯ ಉಂಡೆ. ವ್ಯತ್ಯಾಸ ತಿಳಿಯದೇ ಹೋದದ್ದಕ್ಕೆ ದಂಡ ಕಟ್ಟಿದ ವರ್ಷ ನೂರಕ್ಕೂ ಮೇಲೆ. ಕುಂಞಿ ಕಣ್ಣನ್ 1931ರಲ್ಲಿ ತೀರಿಕೊಂಡರು, ಐವತ್ತು ಕೂಡ ತುಂಬಿರಲಿಲ್ಲ.

ಕೋಲ್ಮನ್ 1913ರಲ್ಲಿ ನಿರ್ದೇಶಕರಾದ ಮೇಲಿನ ಕಥೆ ಹೆಚ್ಚು ಪ್ರಸಿದ್ಧ, ಬೇಗ ಹೇಳಿಬಿಡ್ತೀವಿ. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ. ಕನ್ನಂಬಾಡಿ ನೀರು ನಾಲೆಯಲ್ಲಿ ಹರಿದು ಬರುವಾಗ ಆ ನೀರಲ್ಲಿ ಏನು ಬೆಳೆಯಬೇಕು ಅನ್ನೋ ಪ್ರಶ್ನೆಗೆ ಕಬ್ಬು ಅಂತ ಉತ್ತರ ಕೊಟ್ಟವರಲ್ಲಿ ಇವರು ಮುಖ್ಯರು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿತು. ಮಾರನೇ ವರ್ಷ ಇವರು ನಿವೃತ್ತರಾಗಿ ಕೆನಡಾಕ್ಕೆ ಮರಳಿದರು. ತೀರಿಕೊಂಡದ್ದು 1954ರಲ್ಲಿ.

ಇಷ್ಟೆಲ್ಲ ಆದರೂ ಇವತ್ತು ಜಗತ್ತಿನ ಹೆಚ್ಚು ಜನ ಅವರ ಹೆಸರು ಓದುವುದು ಒಂದು ಕಣಜದ ಮೂಲಕ. ಕಣಜ ಅಂದ್ರೆ ಕಾಳು ತುಂಬುವ ಕಣಜ ಅಲ್ಲ, ಕಚ್ಚುವ ಕಣಜದ ಬಂಧು. ಭಾರತದಿಂದ ಅಮೆರಿಕಕ್ಕೆ ಹೋದ ಒಂದು ಪುಟ್ಟ ಕಪ್ಪು ಹುಳಕ್ಕೆ 1912ರಲ್ಲಿ ವಿಯೆರೆಕ್ ಎಂಬ ತಜ್ಞ ಅಫಿಡಿಯಸ್ ಕೋಲ್ಮನಿ ಅಂತ ಹೆಸರಿಟ್ಟರು. ಉದ್ದ ಎರಡು ಮೂರು ಮಿಲಿಮೀಟರ್, ಅಷ್ಟೇ. ಮನುಷ್ಯರನ್ನು ಕಚ್ಚೋದಿಲ್ಲ. ನಮ್ಮ ಕಡೆ ಕುಸುಬಿಗೆ ಹತ್ತುತ್ತಲ್ಲ, ಅಂಥ ಸಸ್ಯಹೇನುಗಳೇ ಇದರ ಬೇಟೆ. ಹೆಣ್ಣು ಹೊಟ್ಟೆಯನ್ನು ಕಾಲುಗಳ ನಡುವಿನಿಂದ ಮುಂದಕ್ಕೆ ಬಗ್ಗಿಸಿ ಹೇನಿನೊಳಗೆ ಒಂದು ಮೊಟ್ಟೆ ಚುಚ್ಚುತ್ತದೆ. ಮರಿ ಒಳಗಿನಿಂದ ತಿನ್ನುತ್ತದೆ. ಹೇನು ಉಬ್ಬಿ, ಕಂದು ಬಣ್ಣದ ಒಣ ಬುರುಡೆಯಾಗಿ ಎಲೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಅದಕ್ಕೆ ದುಂಡನೆ ತೂತು ಕೊರೆದು ಹೊಸ ಕಣಜ ಹೊರಗೆ. ಸ್ವಲ್ಪ ಘೋರವೇ, ಒಪ್ತೀವಿ.

ಕಣಜಗಳ ಹಳೆಯ ಪೂರ್ವಜರು ಸೊಪ್ಪು ತಿನ್ನುವವು. ಗಿಡಕ್ಕೆ ಚುಚ್ಚಿ ಮೊಟ್ಟೆ ಇಡುವ ಅಂಗವೇ ಕೋಟ್ಯಂತರ ವರ್ಷಗಳಲ್ಲಿ ಬೇರೆ ಹುಳಕ್ಕೆ ಚುಚ್ಚುವ ಅಂಗವಾಯಿತು, ಒಂದು ಕವಲಿನಲ್ಲಿ ವಿಷದ ಕೊಂಡಿಯೂ ಆಯಿತು. ಇರುವೆ, ಜೇನು ಎರಡೂ ಆ ಕವಲಿನಲ್ಲೇ ಹುಟ್ಟಿದವು. ಅಫಿಡಿಯಸ್ ಬಂಧುಗಳು ಬೇರೆ ಕವಲಿನವು, ಸಸ್ಯಹೇನು ಬಿಟ್ಟು ಬೇರೆ ಬೇಟೆ ಇಲ್ಲ. ಅದಕ್ಕೇ ಯುರೋಪಿನ ಹಸಿರುಮನೆಗಳಲ್ಲಿ ಇದಕ್ಕೆ ಬೇಡಿಕೆ. ಕಂಪನಿಗಳು ಇದನ್ನು ಸಾಕಿ, ಆ ಒಣ ಬುರುಡೆಗಳನ್ನೇ ಬಾಟಲಿಯಲ್ಲಿ ತುಂಬಿ ಮಾರುತ್ತವೆ. ಮೆಣಸಿನಕಾಯಿ, ಸೌತೆ ಬೆಳೆಯೋರು ಎಲೆ ಮೇಲೆ ಉದುರಿಸುತ್ತಾರೆ.

ಹೆಸರಿನ ಕೆಲಸ ಅಲ್ಲಿಗೂ ಮುಗಿಯಲಿಲ್ಲ. ಇದನ್ನು ಹೋಲುವ ಇನ್ನೆರಡು ಜಾತಿಗಳನ್ನು 1975ರಲ್ಲಿ ಒಬ್ಬ ತಜ್ಞರು ಕೋಲ್ಮನಿ ಒಳಗೇ ಸೇರಿಸಿದ್ದರು. 2014ರಲ್ಲಿ ಇನ್ನೊಂದು ತಂಡ ರೆಕ್ಕೆಯ ಆಕಾರವನ್ನು ಗಣಿತದಿಂದ ಅಳೆದು, ಡಿಎನ್‌ಎ ಹೋಲಿಸಿ, ಮೂರನ್ನೂ ಮತ್ತೆ ಬೇರೆ ಮಾಡಿತು. ಅಂದ್ರೆ ಎಷ್ಟೋ ವರ್ಷ ಕೋಲ್ಮನಿ ಅಂತ ಬರೆದುಕೊಂಡ ದಾಖಲೆಗಳಲ್ಲಿ ಒಂದಿಷ್ಟು ಬೇರೆ ಹುಳದವು. ಯಾವ ಊರಿನ ದಾಖಲೆ ಯಾವ ಹುಳದ್ದು ಅಂತ ಹಳೆಯ ಪೆಟ್ಟಿಗೆಗಳನ್ನು ತೆಗೆದು, ಒಂದೊಂದೇ ರೆಕ್ಕೆ ಇಟ್ಟು ಮತ್ತೆ ನೋಡಬೇಕು.