ಕೋವಿ ಬಿಟ್ಟು ಕ್ಯಾಮೆರಾ ಹಿಡಿದರು: ನಮ್ಮೂರ ಎಚ್‌ಎಎಲ್‌ ಅಧಿಕಾರಿ ಕೆನೆತ್‌ ಆಂಡರ್ಸನ್‌ ಕತೆ

ಬೆಂಗಳೂರು: ಎಚ್‌ಎಎಲ್‌, ಐಟಿಐ, ಎನ್‌ಜಿಇಎಫ್‌, ಬಿಇಎಂಎಲ್‌. ನಮ್ಮ ಪೂರ್ವ ಭಾಗದಲ್ಲಿ ಯಾವ ಬೀದಿಗೆ ಹೋದರೂ ಇಂಥ ಕಾರ್ಖಾನೆಯಿಂದ ರಿಟೈರ್‌ ಆದವರೊಬ್ಬರು ಸಿಕ್ಕೇ ಸಿಗ್ತಾರೆ. ಬೆಳಗ್ಗೆ ಹಲಸೂರು ಕೆರೆ ಕಡೆ ವಾಕಿಂಗ್‌ ಬರುವ ಹಿರಿಯರಲ್ಲಿ ಕೆಲವರ ಕೊರಳಲ್ಲಿ ಈಗ ಕ್ಯಾಮೆರಾ ಕೂಡ ಇರುತ್ತೆ. ಕೆಲವರು ಮೊಬೈಲ್‌ನಲ್ಲೇ ಗರುಡ ಹಾರೋ ವಿಡಿಯೊ ಹಿಡಿದು ಮೊಮ್ಮಕ್ಕಳಿಗೆ ಕಳಿಸ್ತಾರೆ. ಈ ಹವ್ಯಾಸಕ್ಕೆ ನಮ್ಮೂರಲ್ಲೇ ಒಬ್ಬ ಹಿರಿಯಣ್ಣ ಇದ್ದರು. ಅವರೂ ವಿಮಾನ ಕಾರ್ಖಾನೆಯವರೇ. ಹೆಸರು ಕೆನೆತ್‌ ಆಂಡರ್ಸನ್‌.

ನರಭಕ್ಷಕ ಹುಲಿ ಹೊಡೆದ ಬೇಟೆಗಾರ ಅಂತಲೇ ಅವರನ್ನು ಎಲ್ಲರೂ ಬಲ್ಲರು. ಆದರೆ ಕೊನೆಯ ವರ್ಷಗಳಲ್ಲಿ ಅವರು ಕಾಡಿಗೆ ಹೋಗ್ತಿದ್ದದ್ದು ಕ್ಯಾಮೆರಾ ಹಿಡಿದು ಅನ್ನೋದು ಹೆಚ್ಚಿನವರಿಗೆ ಗೊತ್ತಿಲ್ಲ.

ದಂಡಿನ ಹುಡುಗ

ಆಂಡರ್ಸನ್‌ ಹುಟ್ಟಿದ್ದು 1910ರ ಮಾರ್ಚ್‌ 8ರಂದು, ಹೈದರಾಬಾದ್‌ ಬಳಿಯ ಬೊಲಾರಂನಲ್ಲಿ. ಮೂಲ ಸ್ಕಾಟ್ಲೆಂಡ್‌ನ ಮನೆತನ, ಆದರೆ ತಲೆಮಾರುಗಳಿಂದ ಇಂಡಿಯಾದಲ್ಲೇ ನೆಲೆ ನಿಂತವರು. ತಂದೆ ಸೇನೆಯ ಲೆಕ್ಕಪತ್ರ ವಿಭಾಗದಲ್ಲಿದ್ದರು. ಹುಡುಗ ಓದಿದ್ದು ಬೆಂಗಳೂರಿನ ಬಿಷಪ್‌ ಕಾಟನ್‌ ಶಾಲೆ, ಆಮೇಲೆ ಸೇಂಟ್‌ ಜೋಸೆಫ್‌ ಕಾಲೇಜು. ಕಾನೂನು ಓದಲಿ ಅಂತ ಎಡಿನ್‌ಬರೋಗೆ ಕಳಿಸಿದರು. ಅಲ್ಲಿ ಮನಸ್ಸು ನಿಲ್ಲಲಿಲ್ಲ. ಓದು ಅರ್ಧಕ್ಕೇ ಬಿಟ್ಟು ವಾಪಸ್‌ ಬಂದುಬಿಟ್ಟರು. ಮನೆ ಇದ್ದದ್ದು ಸಿಡ್ನಿ ರೋಡ್‌ನಲ್ಲಿ, ಅಂದರೆ ಈಗಿನ ಕಸ್ತೂರ್ಬಾ ರಸ್ತೆ. ಕನ್ನಡ, ತಮಿಳು ಎರಡನ್ನೂ ಮಾತಾಡ್ತಿದ್ದರು.

ಮೊದಲು ಅಂಚೆ ಮತ್ತು ತಂತಿ ಇಲಾಖೆಯಲ್ಲಿ 15 ವರ್ಷ ನೌಕರಿ. ನಂತರ ವಿಮಾನ ಕಾರ್ಖಾನೆ. ಮೈಸೂರು ಸರ್ಕಾರದ ಬೆಂಬಲದಿಂದ ವಾಲ್‌ಚಂದ್‌ ಹೀರಾಚಂದ್‌ 1940ರಲ್ಲಿ ಶುರು ಮಾಡಿದ ಹಿಂದೂಸ್ತಾನ್‌ ಏರ್‌ಕ್ರಾಫ್ಟ್‌ ಅದು. ಯುದ್ಧದ ಕಾಲದಲ್ಲಿ ಅಲ್ಲಿ ಅಮೆರಿಕದ ವಿಮಾನಗಳೂ ರಿಪೇರಿಗೆ ಬರ್ತಿದ್ದವು. 1964ರಲ್ಲಿ ಈಗಿನ ಎಚ್‌ಎಎಲ್‌ ಆಯ್ತು. ಆಂಡರ್ಸನ್‌ ಅಲ್ಲಿ ಯೋಜನಾ ವಿಭಾಗದ ಫ್ಯಾಕ್ಟರಿ ಮ್ಯಾನೇಜರ್‌ ದರ್ಜೆಗೆ ಏರಿದರು.

ವಾರವಿಡೀ ಕಾರ್ಖಾನೆ, ರಜೆ ಸಿಕ್ಕರೆ ಕಾಡು. ಸ್ಟುಡಿಬೇಕರ್‌ ಕಾರು ಹತ್ತಿ ಹೊಸೂರು ದಾಟಿ ಡೆಂಕಣಿಕೋಟೆ, ಅಂಚೆಟ್ಟಿ ಕಡೆ ಹೊರಟುಬಿಡ್ತಿದ್ದರು. ಭೈರ ಅನ್ನೋ ಪೂಜಾರಿ, ರಂಗ ಅನ್ನೋ ಬೇಟೆ ಸಂಗಾತಿ ಅವರ ಕತೆಗಳಲ್ಲಿ ಮತ್ತೆ ಮತ್ತೆ ಬರ್ತಾರೆ. ಕಾಡಿನ ವಿದ್ಯೆಯನ್ನು ಆಂಡರ್ಸನ್‌ ಕಲಿತದ್ದು ಪುಸ್ತಕದಿಂದಲ್ಲ, ಇಂಥ ಜನರ ಜೊತೆ ಓಡಾಡಿ.

ಕೋವಿಯ ಲೆಕ್ಕ

1939ರಿಂದ 1966ರವರೆಗೆ ಅವರು 8 ನರಭಕ್ಷಕ ಚಿರತೆ, 7 ನರಭಕ್ಷಕ ಹುಲಿಗಳನ್ನು ಹೊಡೆದರು ಅನ್ನೋದು ಸರ್ಕಾರಿ ದಾಖಲೆಯ ಲೆಕ್ಕ. ಕೈಯಲ್ಲಿದ್ದದ್ದು .405 ವಿಂಚೆಸ್ಟರ್‌ ರೈಫಲ್‌. ಮೊದಲ ಪುಸ್ತಕ ಬಂದದ್ದು 1954ರಲ್ಲಿ. ಅದರಲ್ಲಿ ಜಾಲಹಳ್ಳಿಯ ಚಿರತೆಯ ಕತೆಯೂ ಇದೆ. ಈಗ ಮೆಟ್ರೊ ನಿಲ್ಲುವ ಅದೇ ಜಾಲಹಳ್ಳಿ. ಆಗ ಅದು ಊರಾಚೆಯ ಹಳ್ಳಿ.

ಕನ್ನಡದಲ್ಲಿ ಆಂಡರ್ಸನ್‌ ಮನೆಮಾತಾದದ್ದು ಪೂರ್ಣಚಂದ್ರ ತೇಜಸ್ವಿ ಅವರಿಂದ. ಕಾಡಿನ ಕತೆಗಳು ಅಂತ ತೇಜಸ್ವಿ ಇವರ ಬರಹಗಳನ್ನು ಕನ್ನಡಕ್ಕೆ ತಂದರು. ಅದರಲ್ಲಿ ಬೆಳ್ಳಂದೂರಿನ ನರಭಕ್ಷಕ ಅನ್ನೋ ಹೆಸರು ನೋಡಿ ನಮ್ಮ ಕಡೆಯವರು ಇದು ನಮ್ಮ ಬೆಳ್ಳಂದೂರು ಕೆರೆ ಏರಿಯಾ ಅಂದುಕೊಳ್ಳೋದುಂಟು. ಅಲ್ಲ, ಆ ಬೆಳ್ಳಂದೂರು ಶಿವಮೊಗ್ಗ ಕಡೆಯದು.

ಅವರು ಹೊಡೆದದ್ದೆಲ್ಲ ನರಭಕ್ಷಕವೇ ಅಂತೇನಿಲ್ಲ. ಹರೆಯದಲ್ಲಿ ಆ ಕಾಲದ ದೊರೆಗಳಂತೆ ಶೋಕಿಗೂ ಬೇಟೆ ಆಡಿದ್ದಾರೆ. ಕತೆಗಳಿಗೆ ಉಪ್ಪು ಖಾರ ಜಾಸ್ತಿ ಹಾಕಿದ್ದಾರೆ ಅನ್ನೋ ಓದುಗರೂ ಇದ್ದಾರೆ. ಆದರೂ ಅವರ ಪುಸ್ತಕಗಳನ್ನು ಸಾಲಾಗಿ ಓದಿದರೆ ಒಂದು ಸಂಗತಿ ಗೊತ್ತಾಗುತ್ತೆ. ಮೊದಮೊದಲು ಹುಲಿಯ ಹೆಜ್ಜೆ ಹುಡುಕೋ ಉತ್ಸಾಹ. ಹೋಗ್ತಾ ಹೋಗ್ತಾ ಹುಲಿಯೇ ಕಾಣಿಸ್ತಿಲ್ಲ, ಕಾಡೇ ಕರಗ್ತಿದೆ ಅನ್ನೋ ಸಂಕಟ.

ಬಿಟ್ಟದ್ದು ಕೋವಿ, ಕಾಡಲ್ಲ

ಕೊನೆಕೊನೆಗೆ ಆಂಡರ್ಸನ್‌ ಕೋವಿ ಪಕ್ಕಕ್ಕಿಟ್ಟರು. ಕಾಡಿಗೆ ಹೋಗೋದು ಮಾತ್ರ ನಿಲ್ಲಿಸಲಿಲ್ಲ. ಕ್ಯಾಮೆರಾ ಹಿಡಿದು ಹೋದರು, ಒಮ್ಮೊಮ್ಮೆ ಆಯುಧವೇ ಇಲ್ಲದೆ ಒಬ್ಬರೇ ಹೋಗಿ ಸುಮ್ಮನೆ ಕೂತು ಬಂದರು.

ಈ ದಾರಿ ತುಳಿದವರಲ್ಲಿ ಅವರೇ ಮೊದಲಿಗರಲ್ಲ. ಉತ್ತರದಲ್ಲಿ ಅರಣ್ಯಾಧಿಕಾರಿ ಎಫ್‌.ಡಬ್ಲ್ಯು. ಚಾಂಪಿಯನ್‌ ಕಾಡುದಾರಿಗೆ ಅಡ್ಡ ತಂತಿ ಕಟ್ಟಿ, ಹುಲಿಯ ಕಾಲು ತಾಗಿದ ಕೂಡಲೇ ಫ್ಲ್ಯಾಶ್‌ ಹೊತ್ತಿ ಫೋಟೊ ಬೀಳುವಂತೆ ಮಾಡಿದ್ದರು. ಅವರ ಪುಸ್ತಕ 1927ರಲ್ಲೇ ಬಂತು. ಜಿಮ್‌ ಕಾರ್ಬೆಟ್‌ ಕೂಡ ಸಿನಿ ಕ್ಯಾಮೆರಾದಲ್ಲಿ ಹುಲಿಗಳನ್ನು ಚಿತ್ರೀಕರಿಸಿದ್ದರು.

ಕ್ಯಾಮೆರಾ ಅಂದರೆ ಕೋವಿಗಿಂತ ಸುಲಭ ಅಂದುಕೊಳ್ಳಬೇಡಿ. ಗುಂಡು ದೂರದಿಂದಲೂ ತಾಗುತ್ತೆ, ಫೋಟೊಗೆ ಹತ್ತಿರ ಹೋಗಬೇಕು. ಹುಲಿ ಓಡಾಡೋದು ನಸುಕಲ್ಲಿ, ಮುಸ್ಸಂಜೆಯಲ್ಲಿ. ಆಗಿನ ಫಿಲ್ಮಿಗೆ ಆ ಬೆಳಕು ಸಾಕಾಗ್ತಿರಲಿಲ್ಲ. ಒಂದು ರೋಲ್‌ಗೆ ಸಿಗೋದು 36 ಫೋಟೊ, ದೊಡ್ಡ ಫಿಲ್ಮ್‌ ಆದರೆ 12. ಊರಿಗೆ ಬಂದು ತೊಳೆಸೋವರೆಗೂ ಬಿದ್ದಿದೆಯೋ ಇಲ್ಲವೋ ತಿಳೀತಿರಲಿಲ್ಲ. ಆದರೆ ಗಾಳಿ ಯಾವ ಕಡೆ ಬೀಸ್ತಿದೆ, ಮಂಗ ಯಾಕೆ ಕೂಗಿತು, ಹೆಜ್ಜೆ ಇವತ್ತಿನದೋ ನಿನ್ನೆಯದೋ, ಗಂಟೆಗಟ್ಟಲೆ ಅಲ್ಲಾಡದೆ ಕೂರೋದು ಹೇಗೆ, ಇದೆಲ್ಲ ಬೇಟೆಗಾರನಿಗೆ ಮೊದಲೇ ಗೊತ್ತು. ಜೀವಮಾನವಿಡೀ ಕಲಿತ ವಿದ್ಯೆಯಲ್ಲಿ ಕೊನೆಯ ಕೆಲಸ ಒಂದೇ ಬದಲಾಯ್ತು. ಪ್ರಾಣಿ ಬದುಕಿ ತನ್ನ ದಾರಿ ಹಿಡೀತಿತ್ತು.

ಅವರ ಕೊನೆಯ ವರ್ಷಗಳಲ್ಲೇ ದೇಶವೂ ಅದೇ ಕಡೆ ತಿರುಗಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1973ರಲ್ಲಿ ಹುಲಿ ಯೋಜನೆ ಶುರುವಾಗಿ ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಸೇರಿತು. ಬೆಂಗಳೂರಲ್ಲಿ ಇ. ಹನುಮಂತರಾವ್‌, ಟಿ.ಎನ್‌.ಎ. ಪೆರುಮಾಳ್‌ ಅವರಂಥ ವನ್ಯಜೀವಿ ಛಾಯಾಗ್ರಾಹಕರು ಹೆಸರು ಮಾಡಿದರು. ಯೂತ್‌ ಫೋಟೊಗ್ರಾಫಿಕ್‌ ಸೊಸೈಟಿ 1971ರಲ್ಲಿ ಹುಟ್ಟಿತು.

1974ರ ಆಗಸ್ಟ್‌ 30ರಂದು ಆಂಡರ್ಸನ್‌ ಬೆಂಗಳೂರಿನಲ್ಲೇ ತೀರಿಕೊಂಡರು. ವಯಸ್ಸು 64. ಹೊಸೂರು ರಸ್ತೆಯ ಪ್ರೊಟೆಸ್ಟಂಟ್‌ ಸ್ಮಶಾನದಲ್ಲಿ ಮಣ್ಣಾದರು. ಅವರು ಕಾಡಿಗೆ ಹೋಗ್ತಿದ್ದದ್ದು ಇದೇ ಹೊಸೂರು ದಾರಿಯಲ್ಲಿ. ಕಾಡಿನ ಹಳೇ ದಿನಗಳ ಬಗ್ಗೆ ಅವರು ಬರೆದ ಒಂದು ಪುಸ್ತಕ ಅವರು ಹೋದ ಮೇಲೆ, 1976ರಲ್ಲಿ ಅಚ್ಚಾಯ್ತು.

ನಮಗೇನು?

ಅವರ ಫೋಟೊಗಳಿಗೆ ಕತೆಗಳಷ್ಟು ಹೆಸರು ಬರಲಿಲ್ಲ. ಹೆಸರು ಬರಲೇಬೇಕು ಅಂತಲೂ ಇಲ್ಲವಲ್ಲ. ಪೆನ್ಷನ್‌ ಶುರುವಾದ ಮೇಲೆ ಬೆಳಗ್ಗೆ ಎದ್ದು ಹೊರಗೆ ಹೋಗೋಕೆ ಒಂದು ಕಾರಣ ಬೇಕು, ಅಷ್ಟೇ. ಅದಕ್ಕೆ ಬಂಡೀಪುರದವರೆಗೆ ಹೋಗಬೇಕಿಲ್ಲ. ಕೆ.ಆರ್‌. ಪುರಂನವರಿಗೆ ಎಲೆಮಲ್ಲಪ್ಪ ಶೆಟ್ಟಿ ಕೆರೆ ಇದೆ, ಇನ್ನೊಂದಿಷ್ಟು ಮುಂದೆ ಹೋದರೆ ಹೊಸಕೋಟೆ ಕೆರೆ. ಚಳಿಗಾಲದಲ್ಲಿ ಹಕ್ಕಿ ಜಾಸ್ತಿ. ಸೂರ್ಯ ಹುಟ್ಟಿದ ಮೊದಲ ಒಂದೆರಡು ಗಂಟೆ ಬೆಳಕು ಚೆನ್ನಾಗಿರುತ್ತೆ. ಸೂರ್ಯನಿಗೆ ಬೆನ್ನು ಹಾಕಿ ಕೂತ್ಕೊಳ್ಳಿ, ಗಾಢ ಬಣ್ಣದ ಬಟ್ಟೆ ಬೇಡ. ವಿಡಿಯೊ ಮಾಡೋರು ಕೈ ನಡುಗಿದರೆ ಮೊಣಕೈಯನ್ನು ಮಂಡಿ ಮೇಲೆ ಊರಿ.

ಗೂಡಿನ ಹತ್ತಿರ ಹೋಗಬೇಡಿ, ಹಕ್ಕಿ ಹಾರಲಿ ಅಂತ ಕಲ್ಲು ಎಸೆಯಬೇಡಿ, ಹತ್ತಿರ ಬರಲಿ ಅಂತ ಮೊಬೈಲಲ್ಲಿ ಅದರ ಕೂಗು ಹಾಕಬೇಡಿ. ಹಕ್ಕಿ ಎದ್ದು ಓಡಿಹೋದರೆ ನಾವು ಅತಿ ಹತ್ತಿರ ಹೋಗಿದ್ದೇವೆ ಅಂತ ಅರ್ಥ. ಇಷ್ಟಕ್ಕೆ ದುಬಾರಿ ಲೆನ್ಸ್‌ ಬೇಡ, ತಾಳ್ಮೆ ಇದ್ದರೆ ಸಾಕು.