ಆಟೋ ರಾಜನೋ, ಆಕ್ಸಿಡೆಂಟೋ? ಶಂಕರ್ ನಾಗ್ ಮತ್ತು ನಮ್ಮ ಕ್ಲಬ್ಬಿನ ಜಗಳ

ಕೆಂಗೇರಿ ಬಸ್ ಟರ್ಮಿನಲ್ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲಿಳಿದು ಕಾಲೇಜಿಗೆ ಆಟೋ ಹಿಡಿಯೋ ನಮಗೆಲ್ಲ ಒಂದು ಮುಖ ಚೆನ್ನಾಗಿ ಪರಿಚಯ. ಖಾಕಿ ಅಂಗಿ, ಕೆದರಿದ ಕೂದಲು, ಒಂದು ನಗು. ಕೆಲವು ಆಟೋಗಳಲ್ಲಿ ಹಿಂದಿನ ಗಾಜಿನ ಮೇಲೆ, ಕೆಲವದರಲ್ಲಿ ಮೀಟರಿನ ಪಕ್ಕ, ದೇವರ ಫೋಟೋಗಳ ಸಾಲಲ್ಲೇ. ವಿಜಯನಗರ, ರಾಜಾಜಿನಗರ, ಬಸವೇಶ್ವರನಗರ ಎಲ್ಲಿಗೆ ಹೋದರೂ ಅದೇ ಮುಖ. ನಾವ್ಯಾರೂ ಹುಟ್ಟೋದಕ್ಕೆ ಎಷ್ಟೋ ವರ್ಷ ಮೊದಲೇ ತೀರಿಕೊಂಡ ಮನುಷ್ಯನನ್ನ ನಾವು ಈಗಲೂ ಶಂಕ್ರಣ್ಣ ಅಂತಲೇ ಕರೀತೀವಿ.

ಈ ಶಂಕ್ರಣ್ಣನ ದೆಸೆಯಿಂದಲೇ ನಮ್ಮ ಕ್ಲಬ್ಬಲ್ಲಿ ಒಂದು ಜಗಳ ಶುರುವಾಯ್ತು. ನವೆಂಬರ್ 9 ಅವರ ಹುಟ್ಟಿದ ದಿನ. ಸೆಮಿನಾರ್ ಹಾಲಲ್ಲಿ ಅವರದೊಂದು ಸಿನಿಮಾ ಹಾಕೋಣ ಅಂದ್ಕೊಂಡ್ವಿ. ಯಾವುದು? ಅರ್ಧ ಜನ ‘ಆಟೋ ರಾಜ’ ಅಂದ್ರು, ಇನ್ನರ್ಧ ಜನ ‘ಆಕ್ಸಿಡೆಂಟ್’ ಅಂದ್ರು. ಒಂದು ಕಡೆಯವರ ವಾದ, ಜನ ಪ್ರೀತಿಸಿದ್ದೇ ದೊಡ್ಡ ಸಿನಿಮಾ ಅಂತ. ಇನ್ನೊಂದು ಕಡೆಯವರದ್ದು, ಶ್ರೇಷ್ಠ ಸಿನಿಮಾನೇ ಬೇರೆ, ಅದಕ್ಕೆ ರಾಷ್ಟ್ರ ಪ್ರಶಸ್ತಿ ಬಂದಿದೆ ಅಂತ. ಆಗ ಫಸ್ಟ್ ಇಯರ್ ಹುಡುಗಿಯೊಬ್ಬಳು ಸುಮ್ಮನೆ ಒಂದು ಪ್ರಶ್ನೆ ಕೇಳಿದಳು: ಆಕ್ಸಿಡೆಂಟ್ ಬೇಕು ಅನ್ನೋರಲ್ಲಿ ಅದನ್ನ ನೋಡಿರೋರು ಎಷ್ಟು ಜನ? ಎದ್ದಿದ್ದು ಮೂರೇ ಕೈ. ಉಳಿದವರೆಲ್ಲ ನಾವು ನೋಡದ ಸಿನಿಮಾನ ಶ್ರೇಷ್ಠ ಅಂತ ಗಂಟಲು ಹರ್ಕೊಂಡು ವಾದಿಸ್ತಾ ಇದ್ವಿ.

ನಾಚಿಕೆ ಆಯ್ತು. ಹಾಗಾಗಿ ಕೂತು ಶಂಕರ್ ಅವರ ಬದುಕನ್ನ ಮೊದಲಿಂದ ಓದಿದ್ವಿ, ಸಿಕ್ಕಷ್ಟು ಸಿನಿಮಾ ನೋಡಿದ್ವಿ. ಇಷ್ಟದ ಸಿನಿಮಾ ಬೇರೆ, ಶ್ರೇಷ್ಠ ಸಿನಿಮಾ ಬೇರೆ ಅನ್ನೋದನ್ನ ಅರ್ಥ ಮಾಡ್ಕೊಳ್ಳೋಕೆ ಆ ಬದುಕಿಗಿಂತ ಒಳ್ಳೆ ಪಠ್ಯ ನಮಗೆ ಸಿಗಲಿಲ್ಲ.

ಶಂಕರ್ ನಾಗರಕಟ್ಟೆ ಹುಟ್ಟಿದ್ದು 1954ರಲ್ಲಿ, ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ಸೀಮೆಯಲ್ಲಿ. ಅಣ್ಣ ಅನಂತ್ ನಾಗ್ ಅವರಿಗಿಂತ ಆರು ವರ್ಷ ಚಿಕ್ಕವರು. ಓದು ಮುಗಿಸಿ ಮುಂಬೈ ಸೇರಿದ ಶಂಕರ್‌ಗೆ ಅಲ್ಲಿ ಮರಾಠಿ ರಂಗಭೂಮಿಯ ಹುಚ್ಚು ಹತ್ತಿತು. ಮುಂದೆ ಬಾಳಸಂಗಾತಿಯಾದ ಅರುಂಧತಿ ಅವರ ಪರಿಚಯ ಆಗಿದ್ದೂ ನಾಟಕದ ನಂಟಿನಿಂದಲೇ. ನಟನೆ ಒಂದೇ ಅಲ್ಲ, ಬರವಣಿಗೆಗೂ ಕೈಹಾಕಿದರು. ಚಾಪೇಕರ್ ಸಹೋದರರ ಕತೆ ಹೇಳುವ ‘22 ಜೂನ್ 1897’ ಎಂಬ ಹೆಸರಾಂತ ಮರಾಠಿ ಚಿತ್ರದ ಚಿತ್ರಕತೆಯಲ್ಲಿ ಅವರ ಪಾಲೂ ಇದೆ. ಆಗ ಅವರ ವಯಸ್ಸು ಹೆಚ್ಚು ಕಡಿಮೆ ನಮ್ಮ ಫೈನಲ್ ಇಯರ್ ಸೀನಿಯರ್‌ಗಳದ್ದು.

ಕನ್ನಡಕ್ಕೆ ಅವರನ್ನ ಕರೆತಂದದ್ದು ಗಿರೀಶ್ ಕಾರ್ನಾಡರು. 1978ರ ‘ಒಂದಾನೊಂದು ಕಾಲದಲ್ಲಿ’ ಚಿತ್ರದಲ್ಲಿ ಗಂಡುಗಲಿ ಎಂಬ ಕೂಲಿ ಸೈನಿಕನ ಪಾತ್ರ. ಜಪಾನಿನ ಅಕಿರ ಕುರೊಸಾವ ಅವರ ಸಮುರಾಯ್ ಚಿತ್ರಗಳ ಪ್ರಭಾವವನ್ನ ಕಾರ್ನಾಡರು ಮುಚ್ಚಿಡಲಿಲ್ಲ, ಕತ್ತಿ ಹಿಡಿದವರು ಮಾತ್ರ ನಮ್ಮ ನೆಲದವರು. ಆ ಚಿತ್ರದ ನಟನೆಗೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶಂಕರ್‌ಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಮೊದಲ ಕನ್ನಡ ಸಿನಿಮಾಕ್ಕೇ! ಇಲ್ಲಿಂದ ಮುಂದೆ ಈ ಹುಡುಗ ಕಲಾತ್ಮಕ ಚಿತ್ರಗಳಲ್ಲೇ ಉಳೀತಾನೆ ಅಂತ ಯಾರಾದರೂ ಲೆಕ್ಕ ಹಾಕಿದ್ದರೆ ಅದು ಪೂರ್ತಿ ತಪ್ಪಾಗ್ತಿತ್ತು.

1980ನೇ ಇಸವಿಯೊಂದನ್ನೇ ನೋಡಿ. ವಿಜಯ್ ನಿರ್ದೇಶನದ ‘ಆಟೋ ರಾಜ’ ಬಂದಿದ್ದು ಆ ವರ್ಷ. ಶಂಕರ್ ಅದರಲ್ಲಿ ಆಟೋ ಡ್ರೈವರ್. ರಾಜನ್-ನಾಗೇಂದ್ರ ಅವರ ಹಾಡುಗಳು ಇವತ್ತಿಗೂ ಕಾಲೇಜ್ ಟ್ರಿಪ್ಪಿನ ಬಸ್ಸಲ್ಲಿ ಕೇಳಿಸ್ತವೆ. ಅದೇ ವರ್ಷ ಶಂಕರ್ ತಾವೇ ಮೊದಲ ಸಲ ನಿರ್ದೇಶಿಸಿದ ‘ಮಿಂಚಿನ ಓಟ’ ಕೂಡ ಬಂತು. ಕಾರು ಕದಿಯುವವರು ಜೈಲಿಂದ ತಪ್ಪಿಸಿಕೊಳ್ಳೋ ಕತೆ, ಜೊತೆಗೆ ಅಣ್ಣ ಅನಂತ್ ನಾಗ್, ಹಿರಿಯರಾದ ಲೋಕನಾಥ್. ಅದಕ್ಕೆ ರಾಜ್ಯ ಪ್ರಶಸ್ತಿಗಳು ಬಂದವು. ಆಟೋಗಳ ಮೇಲೆ ಉಳಿದದ್ದು ಮಾತ್ರ ಮೊದಲನೆಯದು.

ಯಾಕೆ ಹಾಗೆ? ‘ಆಟೋ ರಾಜ’ನನ್ನ ನೋಡಿದ ನಮಗೆ ಅನ್ನಿಸಿದ್ದು ಇಷ್ಟು. ಅದರ ಚಿತ್ರಕತೆ ಆ ಕಾಲದ ಎಷ್ಟೋ ಚಿತ್ರಗಳ ಹಾಗೇ ಇದೆ. ಆದರೆ ಬೆಳಗ್ಗೆಯಿಂದ ರಾತ್ರಿವರೆಗೆ ಬೇರೆಯವರನ್ನ ಕರ್ಕೊಂಡು ಓಡಾಡೋ, ಯಾರ ಕತೆಯಲ್ಲೂ ನಾಯಕನಾಗದ ಒಬ್ಬ ದುಡಿಯುವವನನ್ನ ಅದು ನಡುವೆ ನಿಲ್ಲಿಸಿ ರಾಜ ಅಂತ ಕರೀತು. ಆ ಡ್ರೈವರ್‌ಗಳು ಅದನ್ನ ಮರೀಲಿಲ್ಲ. ಅಪ್ಪ ಓಡಿಸ್ತಿದ್ದ ಆಟೋ ಮಗನ ಕೈಗೆ ಬಂದಿದೆ, ಪೆಟ್ರೋಲ್ ಹೋಗಿ ಗ್ಯಾಸ್ ಬಂತು, ಈಗ ಎಲೆಕ್ಟ್ರಿಕ್ ಆಟೋ ಬಂದಿದೆ, ಅದರ ಮೇಲೂ ಶಂಕರ್ ಇದ್ದಾರೆ. ಇದನ್ನ ಬರೀ ಅಭಿಮಾನ ಅಂತ ನಕ್ಕು ಬಿಡೋದು ಸೊಕ್ಕಿನ ಮಾತು. ನಲವತ್ತು ವರ್ಷ ಮೀರಿ ಒಂದು ಸಿನಿಮಾ ಜನರ ದಿನದ ದುಡಿಮೆಯ ಜೊತೆ ಉಳಿಯೋದು ಸಣ್ಣ ಸಂಗತಿ ಅಲ್ಲ.

ಅಂದರೆ ಅದು ಶ್ರೇಷ್ಠ ಸಿನಿಮಾನಾ? ಇಲ್ಲೇ ನಾವು ಎಡವೋದು. ಇಷ್ಟ ಅನ್ನೋದು ಸಾಕಾಗಲ್ಲ ಅನ್ಸುತ್ತೆ ನಮಗೆ. ನಮಗೆ ಇಷ್ಟ ಆದದ್ದಕ್ಕೆಲ್ಲ ಶ್ರೇಷ್ಠ ಅನ್ನೋ ಸೀಲ್ ಬೇಕು. ಇಷ್ಟ ಅನ್ನೋದಕ್ಕೆ ಸಾಕ್ಷಿ ಬೇಕಿಲ್ಲ, ಒಪ್ಕೊಂಡ್ರೆ ಸಾಕು. ಜ್ವರ ಬಂದು ಮಲಗಿದ್ದ ದಿನ ಅಜ್ಜಿಯ ಜೊತೆ ಟೀವೀಲಿ ನೋಡಿದ್ದೆ, ಅದಕ್ಕೇ ಇಷ್ಟ ಅಂದರೆ ಯಾರೂ ಅದನ್ನ ತಪ್ಪು ಅನ್ನೋ ಹಾಗಿಲ್ಲ. ಶ್ರೇಷ್ಠ ಅಂದ ಕೂಡಲೇ ಮಾತ್ರ ಎದುರಿಗಿರೋನು ಹೇಗೆ ಅಂತ ಕೇಳಬಹುದು, ನಾವು ಉತ್ತರ ಕೊಡಬೇಕು. ನಮ್ಮ ಅಜ್ಜಿ, ನಮ್ಮ ಊರು, ನಮ್ಮ ವಯಸ್ಸು ಎಲ್ಲವನ್ನೂ ಪಕ್ಕಕ್ಕಿಟ್ಟ ಮೇಲೂ ಆ ಸಿನಿಮಾ ನಿಲ್ಲುತ್ತಾ ಅಂತ ತೋರಿಸಬೇಕು. ಸಿವಿಲ್‌ನವರ ಭಾಷೆಯಲ್ಲಿ ಹೇಳೋದಾದ್ರೆ, ಸೆಂಟ್ರಿಂಗ್ ಬಿಚ್ಚಿದ ಮೇಲೂ ಸ್ಲ್ಯಾಬ್ ನಿಲ್ಲಬೇಕು.

ಆ ಉತ್ತರವೂ ಶಾಶ್ವತ ಅಲ್ಲ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನ ಕೇಳಿ ಜಗತ್ತಿನ ಶ್ರೇಷ್ಠ ಚಿತ್ರಗಳ ಪಟ್ಟಿ ಮಾಡುತ್ತೆ. ಮೊದಲ ಸಲ ‘ಬೈಸಿಕಲ್ ಥೀವ್ಸ್’ ಮೇಲಿತ್ತು. 1962ರಿಂದ 2002ರವರೆಗೆ ಐದು ಸಲವೂ ‘ಸಿಟಿಜನ್ ಕೇನ್’. 2012ರಲ್ಲಿ ‘ವರ್ಟಿಗೊ’ ಅದನ್ನ ಇಳಿಸಿತು. 2022ರಲ್ಲಿ ಶಾಂಟಾಲ್ ಅಕರ್ಮನ್ ಎಂಬ ನಿರ್ದೇಶಕಿಯ ‘ಜಾನ್ ಡೀಲ್ಮನ್’ ಮೇಲೆ ಬಂತು. ಆ ಸಿನಿಮಾಗಳೆಲ್ಲ ಇದ್ದ ಹಾಗೇ ಇವೆ, ನೋಡೋರು ಬದಲಾದರು, ವಾದ ಮುಂದುವರೀತು. ಆ ವಾದಕ್ಕೆ ಇಳಿಯೋಕೆ ಇರೋ ಒಂದೇ ಅರ್ಹತೆ ಸಿನಿಮಾ ನೋಡಿರೋದು. ನಮ್ಮ ಹತ್ತಿರ ಇಲ್ಲದೇ ಇದ್ದದ್ದು ಅದೇ.

ಹಾಗಾಗಿ ‘ಆಕ್ಸಿಡೆಂಟ್’ ನೋಡಿದ್ವಿ. ನಿರ್ದೇಶನ ಶಂಕರ್, ಹಿನ್ನೆಲೆ ಸಂಗೀತ ಇಳಯರಾಜ. ಅಮಲಿನಲ್ಲಿ ಕಾರು ಓಡಿಸೋ ದೊಡ್ಡವರ ಮನೆ ಹುಡುಗರು ರಾತ್ರಿ ಫುಟ್‌ಪಾತ್ ಮೇಲೆ ಮಲಗಿದ್ದ ಕೂಲಿ ಜನರ ಮೇಲೆ ಗಾಡಿ ಹರಿಸ್ತಾರೆ. ಹುಡುಗನ ಅಪ್ಪ ರಾಜಕಾರಣಿ. ಆ ಪಾತ್ರದಲ್ಲಿ ಅನಂತ್ ನಾಗ್. ಅಲ್ಲಿಂದ ಶುರುವಾಗೋದು ಮುಚ್ಚಿಹಾಕೋ ಕೆಲಸ. ಶಂಕರ್ ಅದನ್ನ ಬೆನ್ನಟ್ಟೋ ಪತ್ರಕರ್ತ. ತನಗೆ ಬೇಕಾದ ಹಾಗೆ ಕತೆ ತಿರುಗಿಸ್ಕೊಳ್ಳೋ ಶಕ್ತಿ ಇದ್ದ ನಾಯಕ ನಟ ಇಲ್ಲಿ ತನ್ನನ್ನ ಬದಿಗಿಟ್ಟು ಅಪರಾಧಕ್ಕೆ, ಅದನ್ನ ಅಡಗಿಸೋ ವ್ಯವಸ್ಥೆಗೆ ಜಾಗ ಕೊಟ್ಟಿದ್ದಾರೆ. 1984ರ ಸಾಲಿನಲ್ಲಿ ಸಾಮಾಜಿಕ ವಿಷಯದ ಚಿತ್ರಕ್ಕೆ ಕೊಡುವ ರಾಷ್ಟ್ರ ಪ್ರಶಸ್ತಿ ಅದಕ್ಕೆ ಬಂತು.

ಪ್ರಶಸ್ತಿ ಬಿಡಿ. ಸಿನಿಮಾ ಮುಗಿದಾಗ ನಾವು ಚಪ್ಪಾಳೆ ಹೊಡೀಲಿಲ್ಲ. ಆ ರಾತ್ರಿ ಮೈಸೂರು ರಸ್ತೇಲಿ ವಾಪಸ್ ಬರೋವಾಗ ನಾಯಂಡಹಳ್ಳಿ ಹತ್ತಿರ ಫ್ಲೈಓವರ್ ಕೆಳಗೆ ಮಲಗಿದ್ದವರು ಕಣ್ಣಿಗೆ ಬಿದ್ದರು. ದಿನಾ ಇರ್ತಾರೆ, ದಿನಾ ಅದೇ ದಾರೀಲಿ ಬರ್ತೀವಿ. ಅವತ್ತು ಬೈಕ್ ಓಡಿಸ್ತಿದ್ದವನು ತಾನಾಗೇ ವೇಗ ಇಳಿಸಿದ. ‘ಆಕ್ಸಿಡೆಂಟ್’ ನಮ್ಮಲ್ಲಿ ಬಹಳ ಜನಕ್ಕೆ ಇಷ್ಟದ ಸಿನಿಮಾ ಆಗಲಾರದು, ಬೇಜಾರಾದಾಗ ಹಾಕ್ಕೊಂಡು ನೋಡೋ ಸಿನಿಮಾ ಅದಲ್ಲ. ಆದರೆ ಯಾಕೆ ಶ್ರೇಷ್ಠ ಅಂತ ಕೇಳಿದರೆ ಈಗ ನಮ್ಮ ಹತ್ತಿರ ನಮ್ಮದೇ ಉತ್ತರ ಇದೆ.

ಎರಡೂ ಒಂದೇ ಕಡೆ ಸೇರೋದೂ ಉಂಟು. ಆಗುಂಬೆಯಲ್ಲಿ ಚಿತ್ರೀಕರಿಸಿ, ಆರ್. ಕೆ. ನಾರಾಯಣ್ ಕತೆಗಳನ್ನ ಶಂಕರ್ ದೂರದರ್ಶನಕ್ಕೆ ತಂದ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಇಡೀ ದೇಶದಲ್ಲಿ ಇಷ್ಟಪಡೋರೂ ಇದ್ದಾರೆ, ಶ್ರೇಷ್ಠ ಅಂತ ವಾದಿಸೋರೂ ಇದ್ದಾರೆ. ಎರಡೂ ಸೇರದೇ ಇರೋದೂ ಉಂಟು. 1987ರಲ್ಲಿ ಡಾ. ರಾಜ್‌ಕುಮಾರ್ ಅವರನ್ನ ಹಾಕ್ಕೊಂಡು, ನೀರೊಳಗೆ ಚಿತ್ರೀಕರಣ ಮಾಡಿ ತೆಗೆದ ‘ಒಂದು ಮುತ್ತಿನ ಕಥೆ’ಗೆ ಶಂಕರ್ ಪಟ್ಟ ಶ್ರಮ ದೊಡ್ಡದು. ಅಣ್ಣಾವ್ರ ಬೇರೆ ಚಿತ್ರಗಳ ಹಾಗೆ ಅದು ಓಡಲಿಲ್ಲ. ಇನ್ನು 1981ರ ‘ಗೀತಾ’ ನಮ್ಮ ಹಾಸ್ಟೆಲಿನ ಅತಿ ಇಷ್ಟದ ಸಿನಿಮಾ. ಅದಕ್ಕೆ ಶ್ರೇಷ್ಠತೆಯ ವಾದ ಯಾರಿಗೂ ಬೇಕಿಲ್ಲ, ಇಳಯರಾಜ ಸಾಕು.

ಸುಮಾರು 12 ವರ್ಷದಲ್ಲಿ 80ರ ಆಸುಪಾಸು ಚಿತ್ರಗಳಲ್ಲಿ ಶಂಕರ್ ನಟಿಸಿದರು. ಅವುಗಳಲ್ಲಿ ಬಹುಪಾಲು ಹೊಡೆದಾಟ, ಹಾಡು, ಪೊಲೀಸ್ ಯೂನಿಫಾರ್ಮ್. ‘ಸಾಂಗ್ಲಿಯಾನ’, ‘ಸಿಬಿಐ ಶಂಕರ್’ ಎಲ್ಲ ಆ ಸಾಲಿನವು. ಆ ದುಡಿಮೆಯಿಂದ ಬಂದದ್ದು ಎಲ್ಲಿಗೆ ಹೋಯ್ತು ಅಂತ ನೋಡಿದರೆ ಮನುಷ್ಯ ಅರ್ಥ ಆಗ್ತಾರೆ. ‘ಸಂಕೇತ್’ ನಾಟಕ ತಂಡ ನಡೆಯಿತು. ಹಾಡು ರೆಕಾರ್ಡ್ ಮಾಡೋಕೆ ಕನ್ನಡದವರು ಮದ್ರಾಸಿಗೆ ಓಡೋದು ತಪ್ಪಲಿ ಅಂತ ಬೆಂಗಳೂರಲ್ಲೇ ಸಂಕೇತ್ ರೆಕಾರ್ಡಿಂಗ್ ಸ್ಟುಡಿಯೋ ಆಯ್ತು. ಆಟೋ ಮೇಲಿನ ಶಂಕ್ರಣ್ಣನೇ ಈ ಇನ್ನೊಬ್ಬ ಶಂಕರ್‌ಗೆ ದುಡ್ಡು ಹೊಂದಿಸ್ತಿದ್ದರು ಅಂದರೂ ತಪ್ಪಿಲ್ಲ. ಇಷ್ಟದ ಸಿನಿಮಾಗಳನ್ನ ಕೀಳು ಮಾಡಿ ಮಾತಾಡೋ ನಮ್ಮ ಗೆಳೆಯರು ಈ ಲೆಕ್ಕವನ್ನ ನೆನಪಿಡಬೇಕು.

ಎಂಜಿನಿಯರಿಂಗ್ ಓದೋ ನಮಗೆ ಅವರ ಇನ್ನೊಂದು ಮುಖವೂ ಹತ್ತಿರ. ಬೆಂಗಳೂರಿಗೆ ಮೆಟ್ರೋ ಬೇಕು ಅಂತ 1980ರ ದಶಕದಲ್ಲೇ ಮಾತಾಡಿ, ಓಡಾಡಿದವರು ಅವರು. ನಂದಿಬೆಟ್ಟಕ್ಕೆ ರೋಪ್‌ವೇ, ಕಡಿಮೆ ಖರ್ಚಿನ ಮನೆ ಹೀಗೆ ತಲೆ ತುಂಬ ಯೋಜನೆಗಳು. ಮೊದಲ ಮೆಟ್ರೋ ಬೆಂಗಳೂರಲ್ಲಿ ಓಡಿದ್ದು 2011ರಲ್ಲಿ. ನಮ್ಮ ಕೆಂಗೇರಿಗೆ ಅದು ಬಂದಿದ್ದು 2021ರಲ್ಲಿ.

ನೋಡೋಕೆ ಅವರಿರಲಿಲ್ಲ. 1990ರ ಸೆಪ್ಟೆಂಬರ್ 30ರಂದು ‘ಜೋಕುಮಾರಸ್ವಾಮಿ’ ಚಿತ್ರದ ಕೆಲಸಕ್ಕೆ ಹೊರಟಿದ್ದಾಗ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅವರ ಕಾರು ಅಪಘಾತಕ್ಕೀಡಾಯ್ತು. ಮೂವತ್ತಾರು ತುಂಬೋಕೆ ಇನ್ನೂ ನಲವತ್ತು ದಿನ ಬಾಕಿ ಇತ್ತು. ರಸ್ತೆಯ ಮೇಲೆ ಸಾಯೋರ ಬಗ್ಗೆ ಸಿನಿಮಾ ಮಾಡಿದ ಮನುಷ್ಯ ರಸ್ತೆಯ ಮೇಲೇ ಹೋದರು ಅನ್ನೋದನ್ನ ಬರೆಯೋಕೂ ಕೈ ಬರಲ್ಲ. ಅದೇ ಅಪಘಾತದಲ್ಲಿ ಗಾಯಗೊಂಡು ಬದುಕುಳಿದ ಅರುಂಧತಿ ನಾಗ್ ಮುಂದೆ ಜೆ. ಪಿ. ನಗರದಲ್ಲಿ ರಂಗಶಂಕರ ಕಟ್ಟಿದರು. 2004ರಿಂದ ಅಲ್ಲಿ ನಾಟಕಗಳು ನಡೀತಿವೆ.

ಈಗ ನಮ್ಮ ಜಗಳದ ವಿಷಯ. ನವೆಂಬರ್ 9ರ ಸಂಜೆ ಸೆಮಿನಾರ್ ಹಾಲಲ್ಲಿ ‘ಆಕ್ಸಿಡೆಂಟ್’ ಹಾಕ್ತೀವಿ, ಮುಗಿದ ಮೇಲೆ ಕೂತು ವಾದ ಮಾಡೋಣ. ಶ್ರೇಷ್ಠ ಅಲ್ಲ ಅನ್ನಿಸಿದವರೂ ಬನ್ನಿ, ಕಾರಣ ತನ್ನಿ. ರಾತ್ರಿ ಊಟ ಆದಮೇಲೆ ಹಾಸ್ಟೆಲ್ ಕಾಮನ್ ರೂಮಲ್ಲಿ ‘ಆಟೋ ರಾಜ’. ಅಲ್ಲಿ ವಾದಕ್ಕೆ ಅವಕಾಶ ಇಲ್ಲ, ಶಿಳ್ಳೆಗೆ ಮಾತ್ರ. ಗೇಟಿನ ಹತ್ತಿರದ ಸ್ಟ್ಯಾಂಡಿನ ಆಟೋ ಅಣ್ಣಂದಿರನ್ನ ಎರಡಕ್ಕೂ ಕರೆದಿದ್ದೀವಿ. ಅವರಲ್ಲಿ ಹಿರಿಯರೊಬ್ಬರು ಸಂಜೆಯದ್ದಕ್ಕೇ ಬರ್ತೀನಿ ಅಂದಿದ್ದಾರೆ. ‘ಆಟೋ ರಾಜ’ ಅವರು ಎಷ್ಟೋ ಸಲ ನೋಡಿದ್ದಾರಂತೆ, ‘ಆಕ್ಸಿಡೆಂಟ್’ ಇನ್ನೂ ನೋಡಿಲ್ಲವಂತೆ. ಅವರ ಮೂರ್ ಗಾಲಿ ಮೇಲಿರೋ ಮನುಷ್ಯ ಇನ್ನೇನು ಮಾಡಿದ್ದಾರೆ ಅಂತ ನೋಡಬೇಕಂತೆ. ನಮ್ಮ ಹಾಗೇ.